ಲಕ್ಷಣವೂ ಲಕ್ಷ್ಯವೂ: ಲಿನಕ್ಸ್ ಕರ್ನೆಲ್ಲಿನಲ್ಲಿ ಫರ್ಮ್‌ವೇರ್ ದೋಷಗಳ ನಿರ್ವಾಹ

ಶಾಸ್ತ್ರವು ಹೇಳುವುದು ಒಂದು, ಲೋಕದಲ್ಲಿ ನಡೆಯುವುದು ಮತ್ತೊಂದು ಆದಾಗ ಯಾವುದನ್ನು ಪ್ರಮಾಣವೆಂದು ಹಿಡಿಯಬೇಕೆಂಬ ಪ್ರಶ್ನೆ ವ್ಯಾಕರಣಾಭ್ಯಾಸಿಗಳಿಗೆ ಹೊಸದಲ್ಲ. ಸೂತ್ರಕ್ಕೆ ಒಪ್ಪದ ರೂಪವೊಂದು ಮಹಾಕವಿಯ ಕಾವ್ಯದಲ್ಲಿ ಕಾಣಬಂದರೆ ಅದನ್ನು ಅಪಶಬ್ದವೆಂದು ತಳ್ಳುವವರುಂಟು. ಆರ್ಷಪ್ರಯೋಗವೆಂದು ಸಾಧುಗೊಳಿಸುವವರೂ ಉಂಟು. ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಪೂರ್ವಕವಿಗಳ ಪ್ರಯೋಗಗಳನ್ನು ಆಧಾರವಾಗಿಟ್ಟುಕೊಂಡು ಲಕ್ಷಣವನ್ನು ಹೇಳಿದನೆಂಬುದು ವಾಚಕರಿಗೆ ತಿಳಿದ ವಿಷಯವೇ ಆಗಿದೆ. ಈ ಲಕ್ಷ್ಯಲಕ್ಷಣವಿವಾದವು ನಮ್ಮ ಕಾಲದಲ್ಲಿ ಭಾಷೆಯಿಂದ ಬಹುದೂರವಾದ ಕ್ಷೇತ್ರವೊಂದರಲ್ಲಿ, ಎಂದರೆ ಕಂಪ್ಯೂಟರುಗಳ ಕ್ಷೇತ್ರದಲ್ಲಿ, ಹೊಸದಾಗಿ ಹುಟ್ಟಿ ನಾಲ್ಕು ದಶಕಗಳಿಂದ ನಡೆದುಬಂದಿದೆ. ಅದರ ಚರಿತ್ರೆಯನ್ನು ಸ್ಥೂಲವಾಗಿ ನಿರೂಪಿಸಿ, ಅಲ್ಲಿ ಯಾವ ಪಕ್ಷವು ಗೆದ್ದಿತು, ಆ ಗೆಲುವಿಗೆ ಏನು ಬೆಲೆ ಕೊಡಬೇಕಾಯಿತು ಎಂಬುದನ್ನು ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಮೊದಲು ಸಂಜ್ಞೆಗಳನ್ನು ತಿಳಿಸಬೇಕು. ಕಂಪ್ಯೂಟರಿಗೆ ವಿದ್ಯುತ್ತು ಹರಿದೊಡನೆ ಮೊಟ್ಟಮೊದಲು ನಡೆಯತೊಡಗುವುದು, ತಯಾರಕರು ಮದರ್‌ಬೋರ್ಡಿನ ಮೇಲಣ ಒಂದು ಚಿಪ್‌ನಲ್ಲಿ ಬರೆದಿಟ್ಟಿರುವ ಆದೇಶಸಮೂಹ. ಇದಕ್ಕೆ ಫರ್ಮ್‌ವೇರ್ ಎಂದು ಹೆಸರು. ಹಳೆಯ ಯಂತ್ರಗಳಲ್ಲಿ ಇದನ್ನೇ ಬಯೋಸ್ ಎನ್ನುತ್ತಿದ್ದರು. ಮೆಮೊರಿ ಎಷ್ಟಿದೆ, ಯಾವ ಯಾವ ಉಪಕರಣಗಳು ಎಲ್ಲೆಲ್ಲಿ ಜೋಡಿಸಲ್ಪಟ್ಟಿವೆ ಎಂಬುದನ್ನು ಇದು ಗೊತ್ತುಮಾಡಿಕೊಂಡು, ಬಳಿಕ ಅಧಿಕಾರವನ್ನು ಆಪರೇಟಿಂಗ್ ಸಿಸ್ಟಮ್ಮಿಗೆ ಒಪ್ಪಿಸುತ್ತದೆ. ಆಪರೇಟಿಂಗ್ ಸಿಸ್ಟಮ್ಮಿನ ಗರ್ಭದಂತಿರುವ ಭಾಗವೇ ಕರ್ನೆಲ್. ಇವೆರಡರ ನಡುವಣ ಮಾತುಕತೆ ಹೇಗಿರಬೇಕೆಂದು ವಿಧಿಸುವ ಗ್ರಂಥಗಳುಂಟು. ಅವು ಇಲ್ಲಿ ಲಕ್ಷಣ. ಮಾರಾಟವಾದ ಯಂತ್ರದೊಳಗೆ ಫರ್ಮ್‌ವೇರ್ ನಿಜವಾಗಿ ಮಾಡುವುದು ಏನೋ ಅದೇ ಲಕ್ಷ್ಯ. ಇವೆರಡೂ ಹೊಂದದೆ ಹೋದಾಗ ತಿದ್ದಬೇಕಾದವನು ಫರ್ಮ್‌ವೇರನ್ನು ಬರೆದವನು. ಆದರೆ ಅವನ ಮೂಲಪಾಠವು ಗುಪ್ತವಾಗಿರುತ್ತದೆ. ಯಂತ್ರವು ಕೊಂಡವನ ಮನೆ ಸೇರಿರುತ್ತದೆ. ತಯಾರಕನ ಗಮನವು ಆಗಲೇ ಮುಂದಿನ ವರ್ಷದ ಯಂತ್ರದ ಮೇಲೆ ಹೋಗಿರುತ್ತದೆ. ಹೀಗಿರಲು ತಿದ್ದುವ ಭಾರವು ಕರ್ನೆಲ್ಲಿನ ಮೇಲೆ ಬೀಳುತ್ತದೆ. ಅದಾದರೋ ದೋಷವನ್ನು ಅಳಿಸಲಾರದು, ದೋಷದ ಬಳಸಿ ಹಾದುಹೋಗುವ ದಾರಿಯನ್ನು ಮಾತ್ರ ಕಂಡುಕೊಳ್ಳಬಲ್ಲುದು. ಶಿಥಿಲವಾದ ಒಂದೇ ಒಂದು ಓಲೆಯ ಪ್ರತಿಯನ್ನಿಟ್ಟುಕೊಂಡು ವ್ಯಾಖ್ಯಾನವನ್ನು ಬರೆಯಬೇಕಾದವನ ಸ್ಥಿತಿಯಿದು.

ಇಂಥ ಅನೇಕ ಕರ್ನೆಲ್‌ಗಳಿರಲು ಲಿನಕ್ಸನ್ನೇ ಏಕೆ ಆರಿಸಿಕೊಂಡೆವೆಂದರೆ, ಅದರ ಪಾಠವು ಸರ್ವರಿಗೂ ತೆರೆದಿದೆ. 2005ರ ಏಪ್ರಿಲ್‌ನಿಂದೀಚೆಗಂತೂ ಪ್ರತಿಯೊಂದು ತಿದ್ದುಪಡಿಯೂ ಮಾಡಿದವರ ಹೆಸರು, ದಿನಾಂಕ, ಕಾರಣಗಳೊಡನೆ ಒಂದೇ ದಫ್ತರಿನಲ್ಲಿ ದಾಖಲಾಗಿದೆ. ಚರಿತ್ರಕಾರನಿಗೆ ಇದಕ್ಕಿಂತ ಒಳ್ಳೆಯ ಶಾಸನಸಂಗ್ರಹ ದೊರೆಯುವುದು ದುರ್ಲಭ.

ಐಬಿಎಂ ಸಂಸ್ಥೆಯು ತನ್ನ ಪರ್ಸನಲ್ ಕಂಪ್ಯೂಟರನ್ನು ಹೊರಡಿಸಿದುದು 1981ರ ಆಗಸ್ಟ್‌ನಲ್ಲಿ. ಅದರ ಬಯೋಸಿನ ಪಾಠವನ್ನು ಆ ಸಂಸ್ಥೆಯು ತನ್ನ ಕೈಪಿಡಿಯಲ್ಲಿ ಅಚ್ಚುಹಾಕಿಸಿತ್ತು. ಆದರೆ ನಕಲುಮಾಡುವ ಹಕ್ಕನ್ನು ಕೊಟ್ಟಿರಲಿಲ್ಲ. ಆದಕಾರಣ ಪ್ರತಿಸ್ಪರ್ಧಿಗಳು ಒಂದು ಉಪಾಯವನ್ನು ಹೂಡಿದರು. ಒಂದು ತಂಡದವರು ಮೂಲವನ್ನು ಓದಿ ಅದು ಏನು ಮಾಡುತ್ತದೆಂಬ ವಿವರಣೆಯನ್ನು ಮಾತ್ರ ಬರೆದರು. ಮೂಲವನ್ನು ಕಣ್ಣಿನಿಂದಲೂ ಕಾಣದ ಇನ್ನೊಂದು ತಂಡದವರು ಆ ವಿವರಣೆಯ ಆಧಾರದಿಂದ ಹೊಸ ಬಯೋಸನ್ನು ರಚಿಸಿದರು. 1982ರಲ್ಲಿ ಕಾಂಪ್ಯಾಕ್ ಸಂಸ್ಥೆಯೂ 1984ರಲ್ಲಿ ಫೀನಿಕ್ಸ್ ಸಂಸ್ಥೆಯೂ ಈ ಮಾರ್ಗವನ್ನು ಹಿಡಿದುವು. ಹೊಸ ಬಯೋಸಿಗೆ ಬೇಕಾಗಿದ್ದ ಗುಣ ಒಂದೇ: ಐಬಿಎಂ ಯಂತ್ರದ ಮೇಲೆ ನಡೆಯುವ ಕ್ರಮವಿಧಿಗಳು ಇಲ್ಲಿಯೂ ಹಾಗೆಯೇ ನಡೆಯಬೇಕು. ಎಂದಮೇಲೆ ಮೂಲದ ಗುಣಗಳಂತೆ ಅದರ ದೋಷಗಳೂ ಅನುಕರಣೀಯವಾದುವು. ಈ ವಂಶದಲ್ಲಿ ಲಕ್ಷ್ಯವು ಲಕ್ಷಣದ ಪೀಠವನ್ನೇರಿದುದು ಹುಟ್ಟಿನಿಂದಲೇ ಎಂಬುದನ್ನು ಇಲ್ಲಿ ಗಮನಿಸಬೇಕು.

ಇದಕ್ಕೆ ಪ್ರಾಚೀನವಾದ ಎರಡು ಉದಾಹರಣೆಗಳನ್ನು ಕೊಡಬಹುದು. ಇಂಟೆಲ್ ಸಂಸ್ಥೆಯು ತನ್ನ ಪ್ರೊಸೆಸರಿನಲ್ಲಿ ಮೊದಲ 32 ವಿಘ್ನಸೂಚನೆಗಳ ಸ್ಥಾನಗಳನ್ನು, ಎಂದರೆ ಇಂಟರಪ್ಟ್‌ಗಳ ಸಂಖ್ಯೆಗಳನ್ನು, ತನ್ನ ಉಪಯೋಗಕ್ಕೆಂದು ಕಾದಿರಿಸಿತ್ತು. ಐಬಿಎಂ ಬಯೋಸಾದರೋ ಗಡಿಯಾರ, ಕೀಲಿಮಣೆ ಮೊದಲಾದ ಉಪಕರಣಗಳ ಸೂಚನೆಗಳನ್ನು 8ರಿಂದ 15ರವರೆಗಿನ ಸ್ಥಾನಗಳಲ್ಲಿಯೇ ಕೂರಿಸಿತು. ಮುಂದೆ ಬಂದ ಪ್ರೊಸೆಸರುಗಳು ಆ ಸಂಖ್ಯೆಗಳನ್ನು ತಮ್ಮ ಸ್ವಂತ ದೋಷಸೂಚನೆಗಳಿಗೆ ಬಳಸತೊಡಗಿದಾಗ ಎರಡೂ ಡಿಕ್ಕಿ ಹೊಡೆದುವು. ಹೆಲ್ಸಿಂಕಿಯ ವಿದ್ಯಾರ್ಥಿಯಾಗಿದ್ದ ಲೀನಸ್ ಟೋರ್ವಾಲ್ಡ್ಸ್ 1991ರಲ್ಲಿ ಬರೆದ ಲಿನಕ್ಸಿನ ಆದಿಮ ಪಾಠದಲ್ಲಿಯೇ ಈ ಸಂಖ್ಯೆಗಳನ್ನು ಬೇರೆಡೆಗೆ ಸ್ಥಳಾಂತರಿಸುವ ಸಾಲುಗಳಿವೆ. ಪಕ್ಕದಲ್ಲಿ ಐಬಿಎಂ ಇದನ್ನು ಕೆಡಿಸಿತು, ಆಮೇಲೂ ಸರಿಪಡಿಸಲಾರದೆ ಹೋಯಿತು ಎಂಬರ್ಥದ ಟಿಪ್ಪಣಿಯಿದೆ. ಲಿನಕ್ಸಿನಲ್ಲಿ ದೋಷನಿರ್ವಾಹದ ಸಂಪ್ರದಾಯವು ಲಿನಕ್ಸಿನಷ್ಟೇ ಹಳೆಯದೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಎರಡನೆಯದು ಎ-20 ಎಂಬ ತಂತಿಯ ಕಥೆ. ಮೊದಲಣ ಯಂತ್ರದ ಪ್ರೊಸೆಸರಿಗೆ ಮೆಮೊರಿಯ ವಿಳಾಸವನ್ನು ಹೇಳುವುದಕ್ಕೆ 20 ತಂತಿಗಳಿದ್ದುವು. ಆದುದರಿಂದ ಹತ್ತು ಲಕ್ಷ ಚಿಲ್ಲರೆ ಬೈಟುಗಳ ಎಲ್ಲೆಯನ್ನು ಮೀರಿದ ವಿಳಾಸವು ಮತ್ತೆ ಸೊನ್ನೆಗೆ ಸುತ್ತಿಬರುತ್ತಿತ್ತು. ಕೆಲವು ಕ್ರಮವಿಧಿಗಳು ಈ ಸುತ್ತಾಟವನ್ನೇ ನೆಚ್ಚಿಕೊಂಡಿದ್ದುವು. 1984ರಲ್ಲಿ ಐಬಿಎಂ ಹೊರಡಿಸಿದ ಎಟಿ ಯಂತ್ರದ ಪ್ರೊಸೆಸರಿನಲ್ಲಿ 24 ತಂತಿಗಳಿದ್ದುದರಿಂದ ವಿಳಾಸವು ಸುತ್ತದೆ ಮುಂದಕ್ಕೆ ಹೋಯಿತು. ಹಳೆಯ ಕ್ರಮವಿಧಿಗಳನ್ನು ಉಳಿಸಬೇಕೆಂದು ಎಂಜಿನಿಯರುಗಳು ಇಪ್ಪತ್ತೊಂದನೆಯ ತಂತಿಗೆ ಒಂದು ಬಾಗಿಲನ್ನಿಟ್ಟರು. ಆ ಬಾಗಿಲಿನ ಚಿಲಕವನ್ನು ಇಟ್ಟುದೆಲ್ಲಿ? ಕೀಲಿಮಣೆಯನ್ನು ನೋಡಿಕೊಳ್ಳುವ 8042 ಎಂಬ ಚಿಪ್‌ನಲ್ಲಿ ಕಾಲೊಂದು ಬಿಡುವಾಗಿತ್ತು, ಅಲ್ಲಿ! ಮೆಮೊರಿಗೂ ಕೀಲಿಮಣೆಗೂ ಏನು ಸಂಬಂಧವೆಂದು ಕೇಳಬಾರದು. ಕಾಲಾಂತರದಲ್ಲಿ ಬೇರೆ ಬೇರೆ ತಯಾರಕರು ಚಿಲಕಕ್ಕೆ ಬೇರೆ ಬೇರೆ ಸ್ಥಾನಗಳನ್ನು ಕಲ್ಪಿಸಿದರು. ಕೆಲವು ಬಯೋಸುಗಳು ಬಾಗಿಲನ್ನು ತೆರೆದಿಟ್ಟವು, ಕೆಲವು ಮುಚ್ಚಿಟ್ಟವು. ಲಿನಕ್ಸಿನ ಪ್ರಾರಂಭಭಾಗವು ಯಾರ ಮಾತನ್ನೂ ನಂಬದೆ, ಬಾಗಿಲು ತೆರೆದಿದೆಯೇ ಎಂದು ತಾನೇ ಬರೆದು ಓದಿ ಪರೀಕ್ಷಿಸುತ್ತದೆ. ಇಲ್ಲವಾದರೆ ಬಯೋಸನ್ನು ಕೇಳುತ್ತದೆ. ಆಗಲೂ ತೆರೆಯದಿದ್ದರೆ ಕೀಲಿಮಣೆಯ ಚಿಪ್ಪನ್ನು ಪ್ರಯತ್ನಿಸುತ್ತದೆ. ಅದೂ ಆಗದಿದ್ದರೆ ಬೇರೊಂದು ದ್ವಾರವನ್ನು ತಟ್ಟುತ್ತದೆ. ಹೀಗೆ ಒಟ್ಟು 255 ಸಲ ಸುತ್ತಿನೋಡಿದ ಮೇಲೆಯೇ ಕೈಚೆಲ್ಲುವುದು.

ಮೆಮೊರಿಯ ನಕ್ಷೆಯ ವಿಷಯವನ್ನು ಸಂಕ್ಷೇಪವಾಗಿ ಹೇಳಿ ಮುಂದೆ ಹೋಗುತ್ತೇವೆ. ಮೆಮೊರಿಯಲ್ಲಿ ಯಾವ ಭಾಗವು ಬಳಸತಕ್ಕುದು, ಯಾವುದು ಫರ್ಮ್‌ವೇರಿಗೆ ಮೀಸಲು ಎಂಬ ಪಟ್ಟಿಯನ್ನು ಬಯೋಸು ಕೊಡಬೇಕು. ಕೇಳುವಾಗ ಒಂದು ಸಂಕೇತಪದವನ್ನು ಕೊಟ್ಟರೆ ಬಯೋಸು ಪ್ರತಿ ಉತ್ತರದಲ್ಲಿಯೂ ಅದನ್ನೇ ಮರಳಿಸತಕ್ಕುದೆಂದು ವಿಧಿ. ಕೆಲವು ಬಯೋಸುಗಳು ನಡುವೆಯೇ ಅದನ್ನು ಮರಳಿಸುವುದನ್ನು ನಿಲ್ಲಿಸಿಬಿಡುತ್ತವೆ. ಆಗ ಅದುವರೆಗೆ ಬಂದ ಪಟ್ಟಿ ಅರೆಯೋ, ಪೂರ್ಣವೋ, ಬರಿಯ ಕಸವೋ ತಿಳಿಯದಾದ್ದರಿಂದ ಲಿನಕ್ಸು ಅದೆಲ್ಲವನ್ನೂ ಎಸೆದು ಹಳೆಯ ಕ್ರಮಗಳಿಂದ ಬಂದ ಲೆಕ್ಕವನ್ನು ಹಿಡಿಯುತ್ತದೆ. ಪಟ್ಟಿಯು ಸರಿಯಾಗಿ ಬಂದರೂ ಭರವಸೆಯಿಲ್ಲ. ತನ್ನದಲ್ಲವೆಂದು ತಾನೇ ಹೇಳಿದ ಕೆಳಗಣ ಮೆಮೊರಿಯಲ್ಲಿ, ಯಂತ್ರವು ನಿದ್ರೆಯಿಂದ ಏಳುವಾಗ, ಅಥವಾ ಮಾನಿಟರಿನ ಕೇಬಲನ್ನು ಸಿಕ್ಕಿಸಿದಾಗ, ಕೆಲವು ಫರ್ಮ್‌ವೇರುಗಳು ಮನಬಂದಂತೆ ಗೀಚುತ್ತವೆ. ಪರಿಹಾರವಾಗಿ ಮೊದಲ 64 ಕಿಲೋಬೈಟುಗಳನ್ನು ಮುಟ್ಟದೆ ಬಿಡುವ ರೂಢಿ ಬಂದಿತು. 2021ರಲ್ಲಿ ಆ ಎಲ್ಲೆಯನ್ನು ವಿಸ್ತರಿಸಿ ಮೊದಲ ಒಂದು ಮೆಗಾಬೈಟನ್ನೇ ಬಿಟ್ಟುಕೊಟ್ಟರು. ನೆರೆಯವನ ದನ ಮತ್ತೆ ಮತ್ತೆ ನುಗ್ಗುವ ಹೊಲದ ಅಂಚನ್ನು ಬಿತ್ತದೆ ಬಿಡುವ ರೈತನ ವಿವೇಕವೆಂದು ಇದನ್ನು ತಿಳಿಯಬಹುದು.

ಇನ್ನು ಈ ಚರಿತ್ರೆಯ ಮುಖ್ಯಕಾಂಡಕ್ಕೆ ಬರೋಣ. 1992ರಲ್ಲಿ ಇಂಟೆಲ್, ಮೈಕ್ರೋಸಾಫ್ಟ್ ಸಂಸ್ಥೆಗಳು ಸೇರಿ ರಚಿಸಿದ ಎಪಿಎಂ ಎಂಬ ಕ್ರಮದಲ್ಲಿ ಯಂತ್ರದ ವಿದ್ಯುತ್ತಿನ ಮಿತವ್ಯಯವೆಲ್ಲವೂ ಬಯೋಸಿನ ಕೈಯಲ್ಲಿತ್ತು. 1996ರ ಡಿಸೆಂಬರಿನಲ್ಲಿ ಅವೆರಡರೊಡನೆ ತೋಷಿಬಾ ಸಂಸ್ಥೆಯೂ ಸೇರಿ ಎಸಿಪಿಐ ಎಂಬ ಹೊಸ ಲಕ್ಷಣಗ್ರಂಥವನ್ನು ಪ್ರಕಟಿಸಿತು. ಇದರ ತತ್ತ್ವವು ಉದಾತ್ತವಾದುದು: ನಿರ್ಧಾರವು ಆಪರೇಟಿಂಗ್ ಸಿಸ್ಟಮ್ಮಿನದು; ಫರ್ಮ್‌ವೇರು ಯಂತ್ರದ ವರ್ಣನೆಯನ್ನು ಮಾತ್ರ ಕೊಡತಕ್ಕುದು. ಆದರೆ ವರ್ಣನೆಯು ಬರಿಯ ಪಟ್ಟಿಯಲ್ಲ. ಡಿಎಸ್‌ಡಿಟಿ ಎಂಬ ಕೋಷ್ಟಕದಲ್ಲಿ ತಯಾರಕರು ಒಂದು ಪ್ರತ್ಯೇಕ ಭಾಷೆಯಲ್ಲಿ ಸಣ್ಣ ಸಣ್ಣ ವಿಧಿಗಳನ್ನು ಬರೆದಿಡುವರು. ಬ್ಯಾಟರಿ ಎಷ್ಟು ಉಳಿದಿದೆ, ಫ್ಯಾನನ್ನು ಹೇಗೆ ತಿರುಗಿಸಬೇಕು ಎಂಬುವಕ್ಕೆಲ್ಲ ಒಂದೊಂದು ವಿಧಿ. ಅವುಗಳನ್ನು ಕರ್ನೆಲ್ಲಿನೊಳಗಿನ ವ್ಯಾಖ್ಯಾನಯಂತ್ರವು ಓದಿ ಆಚರಿಸುತ್ತದೆ. ಹೀಗೆ ಪರರು ಬರೆದ, ತಿದ್ದಲು ತನಗೆ ಅಧಿಕಾರವಿಲ್ಲದ ಪಾಠವನ್ನು ಕರ್ನೆಲ್ಲು ತನ್ನ ಹೃದಯದಲ್ಲಿಟ್ಟುಕೊಂಡು ಪಾರಾಯಣಮಾಡಬೇಕಾಯಿತು.

ಈ ಪಾಠಕ್ಕೆ ವ್ಯಾಖ್ಯಾನಯಂತ್ರಗಳು ಪ್ರಧಾನವಾಗಿ ಎರಡು: ಒಂದು ಮೈಕ್ರೋಸಾಫ್ಟಿನದು, ಗುಪ್ತವಾದುದು; ಇನ್ನೊಂದು ಇಂಟೆಲ್ ಸಂಸ್ಥೆಯು ರಚಿಸಿ ಬಹಿರಂಗಪಡಿಸಿದುದು, ಲಿನಕ್ಸು ಸ್ವೀಕರಿಸಿದುದು. ಮೈಕ್ರೋಸಾಫ್ಟಿನದು ಸಡಿಲ, ಇಂಟೆಲ್ಲಿನದು ಮೊದಮೊದಲು ಬಿಗಿ. ತಯಾರಕರು ತಮ್ಮ ಯಂತ್ರವನ್ನು ವಿಂಡೋಸಿನೊಡನೆ ಓಡಿಸಿ ನೋಡಿ, ಅದು ಓಡಿದರೆ ಮಾರಾಟಕ್ಕೆ ಬಿಡುತ್ತಿದ್ದರು. ಹೀಗಾಗಿ ಲಕ್ಷಣಕ್ಕೆ ವಿರುದ್ಧವಾದರೂ ವಿಂಡೋಸು ಒಪ್ಪಿದ ಪಾಠಗಳು ಲೋಕದಲ್ಲಿ ತುಂಬಿಕೊಂಡುವು. ಒಂದು ನಿದರ್ಶನ: ಫಲವನ್ನು ಹಿಂದಿರುಗಿಸಬೇಕಾದ ವಿಧಿಯ ಕೊನೆಯಲ್ಲಿ 'ಇದನ್ನು ಹಿಂದಿರುಗಿಸು' ಎಂಬ ವಾಕ್ಯವು ಸ್ಪಷ್ಟವಾಗಿರಬೇಕು. ಅನೇಕ ಬರೆಹಗಾರರು ಅದನ್ನು ಮರೆತರು. ಮೈಕ್ರೋಸಾಫ್ಟಿನ ಯಂತ್ರವು ಕಟ್ಟಕಡೆಗೆ ಗಣಿಸಿದ ಬೆಲೆಯನ್ನೇ ಫಲವೆಂದು ತಾನಾಗಿ ಊಹಿಸಿಕೊಳ್ಳುತ್ತಿತ್ತು. ಕ್ರಿಯಾಪದವಿಲ್ಲದ ವಾಕ್ಯಕ್ಕೆ 'ಇದೆ' ಎಂದು ಅಧ್ಯಾಹಾರಮಾಡಿಕೊಳ್ಳುವ ಟೀಕಾಕಾರನ ಹಾಗೆ! ಇಂಟೆಲ್ಲಿನ ಯಂತ್ರವೂ ಕೊನೆಗೆ ಈ ಅಧ್ಯಾಹಾರವನ್ನು ಕಲಿಯಬೇಕಾಯಿತು. ಲಿನಕ್ಸನ್ನು ಪ್ರಾರಂಭಿಸುವಾಗ ಎಸಿಪಿಐ ವಿಷಯದಲ್ಲಿ 'ಸ್ಟ್ರಿಕ್ಟ್' ಎಂಬ ಪದವನ್ನು ಸೇರಿಸಿದರೆ ಈ ಸಡಿಲಿಕೆಗಳು ತಪ್ಪಿ, ಶಾಸ್ತ್ರಕ್ಕೊಪ್ಪದ ಯಂತ್ರಗಳ ಮೇಲಣ ಸೈರಣೆಯು ಕಡಮೆಯಾಗುವುದು. ಶಾಸ್ತ್ರಾನುಸಾರಿಯಾದ ನಡತೆಯೇ ವಿಶೇಷವಾಗಿ ಬೇಡಿ ಪಡೆಯಬೇಕಾದ ಅಪವಾದವಾಗಿ, ಸಡಿಲವಾದುದು ಉತ್ಸರ್ಗವಾದುದನ್ನು ಇಲ್ಲಿ ಕಾಣುತ್ತೇವೆ.

ಆ ಕಾಲದಲ್ಲಿ ಉತ್ಸಾಹಿಗಳಾದ ಬಳಕೆದಾರರು ತಮ್ಮ ಯಂತ್ರದ ಕೋಷ್ಟಕವನ್ನು ಹೊರತೆಗೆದು, ಓದಬಲ್ಲ ರೂಪಕ್ಕೆ ತಂದು, ತಪ್ಪುಗಳನ್ನು ತಿದ್ದಿ, ತಿದ್ದಿದ ಪಾಠವನ್ನು ಕರ್ನೆಲ್ಲಿಗೆ ಉಣಿಸುತ್ತಿದ್ದರು. ಇದು ಸಂಶೋಧಿತ ಮುದ್ರಣದ ಮಾರ್ಗ. ಆದರೆ ಲಿನಕ್ಸಿನ ಪೋಷಕರು ಇದನ್ನು ಪರೀಕ್ಷೆಗೆ ಉಪಯುಕ್ತವೆಂದು ಒಪ್ಪಿದರೇ ಹೊರತು ಪರಿಹಾರವೆಂದು ಒಪ್ಪಲಿಲ್ಲ. ಅದೇ ಯಂತ್ರವನ್ನು ಕೊಂಡ ಬೇರೆಯವರಿಗೆ ಈ ತಿದ್ದುಪಡಿಯಿಂದ ಏನು ಲಾಭ? ವಿಂಡೋಸು ಅದೇ ಕೆಟ್ಟ ಪಾಠವನ್ನು ಓದಿ ನಡೆಯುತ್ತಿರುವಾಗ ನಾವೂ ಓದಿ ನಡೆಯಬೇಕು ಎಂಬುದು ಅವರ ವಾದವಾಗಿತ್ತು. ಈ ವಾದವನ್ನು ಒಪ್ಪಿದ ಕ್ಷಣದಿಂದ ಎಸಿಪಿಐ ಗ್ರಂಥವು ಲಿನಕ್ಸಿಗೆ ಪ್ರಮಾಣವಾಗಿ ಉಳಿಯಲಿಲ್ಲ. ವಿಂಡೋಸಿನ ನಡತೆಯೇ ಪ್ರಮಾಣವಾಯಿತೆಂದು ನಾವು ತಿಳಿಯುತ್ತೇವೆ.

ಇಲ್ಲಿ ಒಂದು ಆಕ್ಷೇಪವನ್ನು ಪರಿಶೀಲಿಸಬೇಕು. ಈ ದೋಷಗಳು ಪ್ರಮಾದಗಳಲ್ಲ, ಬುದ್ಧಿಪೂರ್ವಕವಾಗಿ ಹೂಡಿದುವೆಂದು ಹೇಳುವವರುಂಟು. ಅವರು ಮುಂದಿಡುವ ಸಾಕ್ಷ್ಯವು ಮೈಕ್ರೋಸಾಫ್ಟಿನ ಅಧ್ಯಕ್ಷರಾಗಿದ್ದ ಬಿಲ್ ಗೇಟ್ಸ್ 1999ರ ಜನವರಿಯಲ್ಲಿ ಬರೆದ ಒಂದು ಇ-ಮೇಲ್. ಅಮೆರಿಕದ ಅಯೋವಾ ಪ್ರಾಂತದಲ್ಲಿ ಆ ಸಂಸ್ಥೆಯ ಮೇಲೆ ನಡೆದ ವ್ಯಾಜ್ಯದಲ್ಲಿ ಇದು ದಾಖಲೆಯಾಗಿ ಹಾಜರಾಯಿತು. ತಾವೂ ತಮ್ಮ ಸಹಯೋಗಿಗಳೂ ಪಟ್ಟ ಶ್ರಮದಿಂದ ಲಿನಕ್ಸು ಶ್ರಮವಿಲ್ಲದೆ ಚೆನ್ನಾಗಿ ನಡೆಯುವಂತಾದರೆ ಅದು ವಿಷಾದಕರ, ಎಸಿಪಿಐ ವಿಸ್ತರಣೆಗಳನ್ನು ವಿಂಡೋಸಿಗೆ ವಿಶೇಷವಾಗಿ ಬೆಸೆಯಬಹುದೇ ಎಂದು ಅದರಲ್ಲಿ ಆಲೋಚಿಸಿದ್ದಾರೆ. ಈ ಪತ್ರದಿಂದ ಅಪೇಕ್ಷೆಯು ಸಿದ್ಧವಾಗುವುದೇ ಹೊರತು ಆಚರಣೆಯು ಸಿದ್ಧವಾಗುವುದಿಲ್ಲ. ಮೇಲೆ ಹೇಳಿದ ಅಧ್ಯಾಹಾರದಂತಹ ದೋಷಗಳಿಗೆ ದುರುದ್ದೇಶವನ್ನು ಕಲ್ಪಿಸಬೇಕಾಗಿಯೇ ಇಲ್ಲ. ಒಬ್ಬನೇ ಪರೀಕ್ಷಕನಿದ್ದಲ್ಲಿ ವಿದ್ಯಾರ್ಥಿಯು ಶಾಸ್ತ್ರವನ್ನೋದದೆ ಪರೀಕ್ಷಕನ ಮನಸ್ಸನ್ನು ಓದಿಕೊಳ್ಳುತ್ತಾನೆ; ಪಾಠಶಾಲೆಗಳಲ್ಲಿ ಇದನ್ನು ನಾವು ದಿನವೂ ನೋಡುತ್ತಿಲ್ಲವೆ?

ಇನ್ನು ಹೆಸರಿನ ಪ್ರಶ್ನೆ. ಎಸಿಪಿಐ ಕೋಷ್ಟಕದ ವಿಧಿಗಳು ತಮ್ಮನ್ನು ನಡೆಯಿಸುತ್ತಿರುವ ಆಪರೇಟಿಂಗ್ ಸಿಸ್ಟಮ್ಮನ್ನು 'ನೀನಾರು?' ಎಂದು ಕೇಳಬಹುದು. ಮೊದಲು ಇದಕ್ಕಿದ್ದುದು ಓಎಸ್ ಎಂಬ ಪ್ರಶ್ನೆ. ಉತ್ತರವಾಗಿ ಹೆಸರನ್ನು ಹೇಳಬೇಕು. ಲಿನಕ್ಸು ಇದಕ್ಕೆ ಕೊಡುವ ಉತ್ತರ 'ಮೈಕ್ರೋಸಾಫ್ಟ್ ವಿಂಡೋಸ್ ಎನ್‌ಟಿ' ಎಂದು! ಬೇರೆ ಯಾವ ಹೆಸರನ್ನು ಹೇಳಿದರೂ ವಿಧಿಗಳು ಯಾರೂ ಪರೀಕ್ಷಿಸದ ಹಾದಿಯನ್ನು ಹಿಡಿಯುವ ಭಯವಿತ್ತು. ವಿರಾಟನಗರದಲ್ಲಿ ಬೃಹನ್ನಳೆಯಾಗಿದ್ದವನ ಉತ್ತರವೂ ಇಂಥದೇ. ಮುಂದೆ ಓಎಸ್‌ಐ ಎಂಬ ಇನ್ನೊಂದು ಪ್ರಶ್ನೆ ಬಂದಿತು. ಇದು ಹೆಸರನ್ನು ಕೇಳುವುದಿಲ್ಲ. ಇಂಥ ನಡವಳಿಕೆ ನಿನ್ನಲ್ಲಿ ಉಂಟೇ ಎಂದು ಕೇಳುತ್ತದೆ. ಉಂಟು, ಇಲ್ಲ ಎಂದಷ್ಟೇ ಉತ್ತರ. ಆದರೆ ರೂಢಿಯಲ್ಲಿ ನಡವಳಿಕೆಯ ಸ್ಥಾನಕ್ಕೆ ವಿಂಡೋಸಿನ ಆವೃತ್ತಿಗಳ ಹೆಸರುಗಳೇ ಬಂದು ಕುಳಿತುವು. 'ವಿಂಡೋಸ್ 2001' ಎಂದರೆ ಎಕ್ಸ್‌ಪಿ. 'ವಿಂಡೋಸ್ 2006' ಎಂದರೆ ವಿಸ್ತಾ. '2009' ಎಂದರೆ ಏಳನೆಯದು. '2012' ಎಂದರೆ ಎಂಟನೆಯದು. ಲಿನಕ್ಸು ಇವೆಲ್ಲಕ್ಕೂ 'ಉಂಟು' ಎನ್ನುತ್ತದೆ. ಹಾಗೆನ್ನದಿದ್ದರೆ, ಆ ಉತ್ತರದೊಡನೆ ಮಾತ್ರ ಪರೀಕ್ಷಿತವಾಗಿರುವ ಬಯೋಸು ಕೆಡುವುದು ನಿಶ್ಚಯವೆಂದು ಕರ್ನೆಲ್ಲಿನ ಕೈಪಿಡಿಯೇ ವಿವರಿಸುತ್ತದೆ. ಹೊಸ ವಿಂಡೋಸಿನೊಡನೆ ಪೂರ್ಣಸಾಮ್ಯವು ಎಂದೂ ದೊರೆಯುವುದಿಲ್ಲವೆಂಬ ಕೊರತೆಯನ್ನೂ ಅದು ಮುಚ್ಚಿಡುವುದಿಲ್ಲ.

ಹಾಗಾದರೆ 'ನೀನು ಲಿನಕ್ಸೇ?' ಎಂದು ಕೇಳಿದರೆ? ಮೊದಮೊದಲು ಲಿನಕ್ಸು ಇದಕ್ಕೂ 'ಹೌದು' ಎನ್ನುತ್ತಿತ್ತು. 2007ರಲ್ಲಿ, ಇಂಟೆಲ್ಲಿನ ಲೆನ್ ಬ್ರೌನ್ ಎಸಿಪಿಐ ಭಾಗವನ್ನು ನೋಡಿಕೊಳ್ಳುತ್ತಿದ್ದ ಕಾಲದಲ್ಲಿ, ಈ ಉತ್ತರವನ್ನು 'ಅಲ್ಲ' ಎಂದು ಬದಲಾಯಿಸಿದರು. ತನ್ನ ಹೆಸರಿಗೆ ತಾನೇ ಅಲ್ಲವೆನ್ನುವುದು ವಿಪರೀತವಾಗಿ ತೋರಬಹುದು. ಆದರೆ ಕಾರಣವು ಬಲವಾದುದು. ತಯಾರಕನೊಬ್ಬನು ಒಂದು ವರ್ಷದ ಲಿನಕ್ಸಿನ ಕೊರತೆಯೊಂದನ್ನು ತುಂಬಲು ಲಿನಕ್ಸಿಗೆ ಬೇರೆ ದಾರಿಯನ್ನು ಬರೆಯುವನು. ಮರುವರ್ಷ ಲಿನಕ್ಸು ಆ ಕೊರತೆಯನ್ನು ತಾನೇ ನೀಗಿಕೊಂಡಿರುತ್ತದೆ. ಯಂತ್ರದಲ್ಲಿನ ಬರೆಹ ಮಾತ್ರ ಹಾಗೆಯೇ ಉಳಿದು ಈಗ ಕೇಡನ್ನು ಮಾಡುತ್ತದೆ. ವಿಂಡೋಸಿನ ಒಂದು ಆವೃತ್ತಿಯೆಂದರೆ ಸ್ಥಿರವಾದ ಅರ್ಥವುಳ್ಳ ಶಬ್ದ. ಲಿನಕ್ಸೆಂಬುದು ದಿನದಿನಕ್ಕೆ ಅರ್ಥವು ಬೆಳೆಯುತ್ತಿರುವ ಶಬ್ದ. ಅದನ್ನು ಸೂತ್ರದಲ್ಲಿ ಸೇರಿಸಲಾಗದು. ಆದರೂ ಥಿಂಕ್‌ಪ್ಯಾಡ್ ಟಿ-61, ಆರ್-61 ಮೊದಲಾದ ಕೆಲವು ಯಂತ್ರಗಳಲ್ಲಿ 'ಹೌದು' ಎಂದರೆ ಮಾತ್ರ ಧ್ವನಿಯ ಗುಂಡಿಗಳು ಸರಿಯಾಗಿ ನಡೆಯುತ್ತಿದ್ದುದರಿಂದ ಅವುಗಳ ಹೆಸರನ್ನು ಬರೆದಿಟ್ಟು ಅವಕ್ಕೆ ಹೌದೆಂದೇ ಹೇಳುವರು. ಇನ್ನು ಕೆಲವು ಯಂತ್ರಗಳಿಗೆ 'ನಾನು ವಿಸ್ತಾ ಅಲ್ಲ' ಎಂದು ಪ್ರತ್ಯೇಕವಾಗಿ ಹೇಳುವುದೂ ಉಂಟು.

ಇಷ್ಟಾದರೂ ಗುರುತು ಹಿಡಿಯುವ ಉಪಾಯಗಳು ಮುಗಿಯಲಿಲ್ಲ. ಎಸಿಪಿಐ ಗ್ರಂಥದ ಎಷ್ಟನೆಯ ಪರಿಷ್ಕರಣವನ್ನು ನೀನು ಪಾಲಿಸುವೆ ಎಂಬ ಪ್ರಶ್ನೆಯೊಂದುಂಟು. ಲಿನಕ್ಸು ಪ್ರಾಮಾಣಿಕವಾಗಿ '5' ಎನ್ನುತ್ತಿತ್ತು. ವಿಂಡೋಸಾದರೋ '2' ಎಂದೇ ಹೇಳುತ್ತಿತ್ತು. ಡೆಲ್ ಸಂಸ್ಥೆಯ ಎಕ್ಸ್‌ಪಿಎಸ್ 13 ಯಂತ್ರದ ಫರ್ಮ್‌ವೇರು ಈ ಅಂತರದಿಂದಲೇ ಎದುರಿಗಿರುವುದು ಲಿನಕ್ಸೆಂದು ಊಹಿಸಿ, ಧ್ವನಿಯ ಉಪಕರಣವನ್ನು ಬೇರೊಂದು ಕ್ರಮದಲ್ಲಿ ನಡೆಯಿಸುತ್ತಿತ್ತು. ಉದ್ದೇಶವೇನೋ ಲಿನಕ್ಸಿಗೆ ಸಹಾಯಮಾಡುವುದೇ. ಆದರೂ 2015ರಲ್ಲಿ ಲಿನಕ್ಸು ಸತ್ಯವನ್ನು ಬಿಟ್ಟು '2' ಎನ್ನತೊಡಗಿತು. ಆ ಡೆಲ್ ಯಂತ್ರಕ್ಕೆ ಮಾತ್ರ ಹಳೆಯ ಉತ್ತರವನ್ನು ಉಳಿಸಿಕೊಂಡಿತು. ಸತ್ಯವನ್ನು ನುಡಿದವನು ಪ್ರತ್ಯೇಕನೆಂದು ಗುರುತುಹಿಡಿಯಲ್ಪಟ್ಟು ತೊಂದರೆಗೀಡಾಗುವ ಸಭೆಯಲ್ಲಿ ಎಲ್ಲರೂ ಹೇಳುವುದನ್ನೇ ಹೇಳಬೇಕಾಗುತ್ತದೆ. ಇದು ಖೇದಕರವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಖೇದದ ಹೊಣೆ ಉತ್ತರಕೊಟ್ಟವನದಲ್ಲ.

ಯಂತ್ರವನ್ನು ಮರುಪ್ರಾರಂಭಿಸುವ ಪ್ರಕರಣವು ಇದಕ್ಕೆ ಪುಟ್ಟ ದೃಷ್ಟಾಂತ. ಎಸಿಪಿಐ ಹೇಳುವ ಸ್ಥಾನಕ್ಕೆ ಒಂದು ಬೆಲೆಯನ್ನು ಬರೆದರೆ ಯಂತ್ರವು ಮರುಪ್ರಾರಂಭವಾಗಬೇಕು. ಅನೇಕ ಯಂತ್ರಗಳಲ್ಲಿ ಆಗದು. ಮ್ಯಾಥ್ಯೂ ಗ್ಯಾರೆಟ್ ಎಂಬ ಅಭಿವೃದ್ಧಿಕಾರನು ವಿಂಡೋಸು ಮಾಡುವುದನ್ನೇ ಹೊರಗಿನಿಂದ ನಿರೀಕ್ಷಿಸಿದನು. ಅದು ಎಸಿಪಿಐ ಸ್ಥಾನಕ್ಕೆ ಬರೆದು, ಆಮೇಲೆ ಕೀಲಿಮಣೆಯ ಚಿಪ್ಪಿಗೆ ಹೇಳಿ, ಮತ್ತೆ ಎಸಿಪಿಐಗೆ, ಮತ್ತೆ ಕೀಲಿಮಣೆಗೆ ಹೇಳುತ್ತಿತ್ತು. ಹೀಗೆ ಎರಡೆರಡು ಸಲ ಏಕೆಂಬುದಕ್ಕೆ ಯಾವ ಗ್ರಂಥದಲ್ಲಿಯೂ ಆಧಾರವಿಲ್ಲ. ಲಿನಕ್ಸು ಆ ಕ್ರಮವನ್ನು ಹಾಗೆಯೇ ಸ್ವೀಕರಿಸಿತು. ಇಂದಿಗೂ ಅದರ ಪಾಠದಲ್ಲಿ, ವಿಂಡೋಸಿಗೆ ಹೊಂದುವ ಯಂತ್ರಗಳು ಬಯಸುವ ಕ್ರಮವಿದು ಎಂಬ ಟಿಪ್ಪಣಿಯೊಡನೆ ಅದು ಕಾಣಬರುತ್ತದೆ. ಪ್ರಯೋಗಶರಣರು ವೈಯಾಕರಣರು ಎಂಬ ಮಾತು ಇಲ್ಲಿಗೂ ಸಲ್ಲುತ್ತದೆ.

ಸಾಮಾನ್ಯವಿಧಿಗೆ ಸಿಕ್ಕದ ಯಂತ್ರಗಳಿಗೆ ಒಂದೊಂದಾಗಿ ಪಟ್ಟಿಯನ್ನು ಮಾಡುವುದುಂಟೆಂದು ಮೇಲೆ ಹೇಳಿದೆವಷ್ಟೆ. ಇಂಗ್ಲಿಷಿನಲ್ಲಿ ಇದಕ್ಕೆ ಕ್ವರ್ಕ್ ಎನ್ನುವರು. ನಮ್ಮ 'ಚಾಳಿ' ಎಂಬ ಮಾತು ಸರಿಹೋದೀತೆಂದು ತೋರುತ್ತದೆ. ಯಂತ್ರವು ತನ್ನ ತಯಾರಕ, ಮಾದರಿ, ಬಯೋಸಿನ ದಿನಾಂಕ ಇವನ್ನು ಹೇಳಿಕೊಳ್ಳುವ ಒಂದು ಸಣ್ಣ ಕೋಷ್ಟಕವುಂಟು. ಕರ್ನೆಲ್ಲು ಅದನ್ನು ಓದಿ, ಪಟ್ಟಿಯಲ್ಲಿ ಆ ಹೆಸರಿದ್ದರೆ ಚಾಳಿಗೆ ತಕ್ಕಂತೆ ನಡೆದುಕೊಳ್ಳುತ್ತದೆ. ಗಣಪಾಠದಲ್ಲಿ ಆಕೃತಿಗಣವೆಂದು ಹೇಳುವೆವಲ್ಲ, ಪ್ರಯೋಗವು ಕಂಡಂತೆಲ್ಲ ಸೇರಿಸಿಕೊಳ್ಳುತ್ತ ಹೋಗಬಹುದಾದ ಗಣ, ಈ ಪಟ್ಟಿಗಳ ಸ್ವರೂಪವೂ ಅದೇ. ವಿನೋದವೇನೆಂದರೆ ಈ ಹೆಸರಿನ ಕೋಷ್ಟಕವೂ ದೋಷಮುಕ್ತವಲ್ಲ. ಎಷ್ಟೋ ಯಂತ್ರಗಳಲ್ಲಿ ತಯಾರಕನ ಹೆಸರಿರಬೇಕಾದ ಕಡೆ 'ತಯಾರಕನು ಇಲ್ಲಿ ತುಂಬತಕ್ಕುದು' ಎಂಬರ್ಥದ ಇಂಗ್ಲಿಷ್ ವಾಕ್ಯವೇ ಅಳಿಸದೆ ಉಳಿದಿದೆ. ಲಿಪಿಕಾರನ ಹೆಸರಿಗೆಂದು ಬಿಟ್ಟ ಜಾಗವು ಬರಿದಾಗಿಯೇ ಉಳಿದ ಓಲೆಗಳನ್ನು ಕಂಡವರಿಗೆ ಇದು ಅಪರಿಚಿತವಲ್ಲ. ದೋಷವನ್ನು ಕಂಡಾಗ ಕರ್ನೆಲ್ಲು ತನ್ನ ದಿನಚರಿಯಲ್ಲಿ 'ಫರ್ಮ್‌ವೇರ್ ಬಗ್' ಎಂಬ ಮುದ್ರೆಯೊತ್ತಿ ದಾಖಲುಮಾಡುತ್ತದೆ. ತಾನು ಬಳಸಿ ಹಾದುಹೋದರೂ ದೋಷ ಯಾರದೆಂಬುದನ್ನು ಗುರುತಿಸದೆ ಬಿಡದಿರುವುದು ಒಳ್ಳೆಯ ಸಂಪಾದಕನ ಲಕ್ಷಣ.

ಇದುವರೆಗೆ ಹೇಳಿದ ದೋಷಗಳಿಂದ ಯಂತ್ರವು ನಿಲ್ಲುವುದು, ಧ್ವನಿಯಿಲ್ಲದಾಗುವುದು ಇಷ್ಟೇ ಆಗುತ್ತಿತ್ತು. ಬಯೋಸಿನ ಸ್ಥಾನಕ್ಕೆ ಯುಇಎಫ್‌ಐ ಎಂಬ ಹೊಸ ಫರ್ಮ್‌ವೇರ್ ಕ್ರಮ ಬಂದಮೇಲೆ ಅಪಾಯವು ಹೆಚ್ಚಿತು. ಇದನ್ನು ನೋಡಿಕೊಳ್ಳುವ ಮಂಡಲಿಯು 2005ರಲ್ಲಿ ಸ್ಥಾಪಿತವಾಯಿತು. ಎಸಿಪಿಐ ಗ್ರಂಥವೂ 2013ರಲ್ಲಿ ಅದರ ವಶಕ್ಕೆ ಬಂದಿತು. ಇಲ್ಲಿಯೂ ಮೊದಲಿನಿಂದಲೇ ಲಕ್ಷಣಭಂಗ: ಕರ್ನೆಲ್ಲಿಗೆ ಅಧಿಕಾರವನ್ನು ಒಪ್ಪಿಸಿದ ಮೇಲೆ ತಾನು ಬಿಟ್ಟುಕೊಟ್ಟ ಮೆಮೊರಿಯನ್ನು ಫರ್ಮ್‌ವೇರು ಮುಟ್ಟಬಾರದೆಂದು ವಿಧಿಯಿದ್ದರೂ ಅನೇಕವು ಮುಟ್ಟುತ್ತಿದ್ದುದರಿಂದ, 2011ರಲ್ಲಿ ಲಿನಕ್ಸು ಆ ಭಾಗವನ್ನು ಕೆಲಕಾಲ ಹಾಗೆಯೇ ಕಾಯ್ದಿರಿಸುವ ಏರ್ಪಾಡನ್ನು ಮಾಡಿಕೊಂಡಿತು. ಆದರೆ ಮುಖ್ಯವಾದ ಹೊಸತನವೆಂದರೆ, ಯುಇಎಫ್‌ಐ ತನ್ನ ಸೆಟ್ಟಿಂಗುಗಳನ್ನು ಇಟ್ಟುಕೊಳ್ಳುವ ಚಿಪ್‌ನ ಉಗ್ರಾಣದಲ್ಲಿ ಕರ್ನೆಲ್ಲೂ ಬರೆಯಬಹುದು. 2013ರ ಜನವರಿಯಲ್ಲಿ ಸ್ಯಾಮ್‌ಸಂಗ್ ಸಂಸ್ಥೆಯ ಕೆಲವು ಲ್ಯಾಪ್‌ಟಾಪುಗಳು ಲಿನಕ್ಸನ್ನು ಹಾಕಿದೊಡನೆ ಸತ್ತುಹೋದುವೆಂಬ ದೂರುಗಳು ಬಂದುವು. ಸತ್ತುಹೋದುವೆಂದರೆ ಕೆಟ್ಟುದಲ್ಲ, ಮತ್ತೆ ಬಯೋಸಿನ ಮೊದಲ ಪರದೆಯೂ ಬಾರದು, ಮದರ್‌ಬೋರ್ಡನ್ನೇ ಬದಲಿಸಬೇಕು. ಮೊದಲು ಲಿನಕ್ಸಿನ ಸ್ಯಾಮ್‌ಸಂಗ್ ಡ್ರೈವರನ್ನು ಸಂದೇಹಿಸಿ, ಯುಇಎಫ್‌ಐ ಕ್ರಮದಲ್ಲಿ ಅದನ್ನು ನಿಷೇಧಿಸಿದರು. ಮೇಲೆ ಹೇಳಿದ ಗ್ಯಾರೆಟ್ ಮುಂದೆ ವಿಚಾರಿಸಿ, ಮೂಲಕಾರಣವು ಉಗ್ರಾಣವು ತುಂಬುತ್ತ ಬಂದಾಗ ಫರ್ಮ್‌ವೇರಿಗೆ ಏಳಲಾಗದಿರುವುದೇ ಎಂದು ತೋರಿಸಿದನು. ವಿಂಡೋಸಿನಿಂದ ಬರೆದರೂ ಅದೇ ಗತಿ. ಎಂದರೆ ಒಬ್ಬನೇ ಪರೀಕ್ಷಕನನ್ನು ನೆಚ್ಚಿದ ದೋಷವು ಆ ಪರೀಕ್ಷಕನ ಶಿಷ್ಯರನ್ನೂ ಕಾಯಲಿಲ್ಲ. ಲಿನಕ್ಸು ಮೊದಲು ಉಗ್ರಾಣದ ಅರ್ಧವನ್ನು ಬರಿದಾಗಿಡಬೇಕೆಂದು ನಿಯಮಿಸಿ, ಬಳಿಕ ಕಡೆಯ ಪಕ್ಷ 5 ಕಿಲೋಬೈಟು ಬರಿದಾಗಿರಲೆಂದು ತಿದ್ದಿಕೊಂಡಿತು. ಈ ಅಂಕಿಯನ್ನು ಸ್ಯಾಮ್‌ಸಂಗ್ ಸಂಸ್ಥೆಯೇ ಕೊಟ್ಟಿತೆಂದು ಕರ್ನೆಲ್ಲಿನ ಟಿಪ್ಪಣಿಯು ಹೇಳುತ್ತದೆ. ತಯಾರಕನೇ ಮುಂದೆ ಬಂದು ವ್ಯಾಖ್ಯಾನಕಾರನಿಗೆ ಪಾಠವನ್ನು ಹೇಳಿಕೊಟ್ಟ ವಿರಳ ಪ್ರಸಂಗವೆಂದು ಇದನ್ನು ಎಣಿಸಬೇಕು. 2016ರಲ್ಲಿ ಇನ್ನೊಂದು ಅನರ್ಥವು ಬೆಳಕಿಗೆ ಬಂದಿತು: ಈ ಉಗ್ರಾಣವು ಲಿನಕ್ಸಿನಲ್ಲಿ ಸಾಮಾನ್ಯ ಕಡತಗಳಂತೆ ತೋರುವುದರಿಂದ, ಎಲ್ಲವನ್ನೂ ಅಳಿಸೆಂಬ ಒಂದು ಆಜ್ಞೆಯಿಂದ ಸೆಟ್ಟಿಂಗುಗಳೂ ಅಳಿದು, ಕೆಲವು ಲ್ಯಾಪ್‌ಟಾಪುಗಳು ಮತ್ತೆ ಏಳಲಿಲ್ಲ. ಅಳಿಸಿದವನ ತಪ್ಪೆನ್ನಬಹುದು, ಆದರೆ ಸೆಟ್ಟಿಂಗಿಲ್ಲದಿದ್ದರೆ ಮೂಲಸ್ಥಿತಿಯಿಂದ ಪ್ರಾರಂಭಿಸಬೇಕಾದುದು ಫರ್ಮ್‌ವೇರಿನ ಧರ್ಮ. ಆ ವರ್ಷವೇ, ಸುಪರಿಚಿತವಾದ ಕೆಲವನ್ನು ಬಿಟ್ಟು ಉಳಿದವನ್ನೆಲ್ಲ ಅಳಿಸಲಾಗದಂತೆ ಕರ್ನೆಲ್ಲು ಬೀಗಹಾಕಿತು.

ಈ ನಿರ್ವಾಹಪದ್ಧತಿಯನ್ನು ಆಕ್ಷೇಪಿಸುವವರ ಮಾತನ್ನು ಉಪೇಕ್ಷಿಸುವಂತಿಲ್ಲ. ತಪ್ಪನ್ನು ಸಹಿಸಿದಷ್ಟೂ ತಪ್ಪುಮಾಡುವವನಿಗೆ ಸಲಿಗೆ ಹೆಚ್ಚುತ್ತದೆ. ಕರ್ನೆಲ್ಲು ಹೇಗೂ ನಡೆಯಿಸಿಕೊಳ್ಳುವುದೆಂದು ಗೊತ್ತಾದರೆ ತಯಾರಕನು ತಿದ್ದುವುದೇಕೆ ಎಂದು ಅವರು ಕೇಳುವರು. ಆದರೆ ಸಹಿಸದಿದ್ದರೆ ದಂಡನೆ ಯಾರಿಗೆ? ತಯಾರಕನಿಗೆ ಹಣವು ಆಗಲೇ ಸಂದಿದೆ, ಕಷ್ಟವೆಲ್ಲ ಕೊಂಡವನದು. ಆದ್ದರಿಂದ ನಿರ್ವಾಹವೇ ನ್ಯಾಯವೆಂದು ನಮ್ಮ ಮತ. ಇದರ ನಿಜವಾದ ಕೊರತೆ ಬೇರೆಡೆಯಿದೆ. ಪಟ್ಟಿಗೆ ಸೇರಿದ ಹೆಸರು ಹೊರಬರುವುದು ಬಹು ಅಪೂರ್ವ; ಹತ್ತು ಹದಿನೈದು ವರ್ಷಗಳ ಹಿಂದಣ ಯಂತ್ರವನ್ನು ತಂದು ಈಗಲೂ ಆ ಚಾಳಿ ಬೇಕೇ ಎಂದು ಪರೀಕ್ಷಿಸುವವರಾರು? ಅಪವಾದಗಳು ಬೆಳೆಯುತ್ತವೆ, ಉತ್ಸರ್ಗವು ಅವುಗಳ ನಡುವೆ ಮರೆಯಾಗುತ್ತದೆ.

ಪಾಠವನ್ನೇ ತಿದ್ದುವ ಯತ್ನಗಳೂ ನಡೆದಿವೆ. 1999ರಲ್ಲಿ ಅಮೆರಿಕದ ಲಾಸ್ ಅಲಾಮೋಸ್ ಪ್ರಯೋಗಶಾಲೆಯಲ್ಲಿ ರಾನ್ ಮಿನ್ನಿಕ್ ಪ್ರಾರಂಭಿಸಿದ ಲಿನಕ್ಸ್‌ಬಯೋಸ್, 2008ರಲ್ಲಿ ಕೋರ್‌ಬೂಟ್ ಎಂಬ ಹೆಸರನ್ನು ಪಡೆದು, ಗುಪ್ತಪಾಠದ ಬದಲು ತೆರೆದ ಪಾಠದ ಫರ್ಮ್‌ವೇರನ್ನು ಕೊಡುತ್ತದೆ. ಗೂಗಲ್ ಸಂಸ್ಥೆಯ ಕ್ರೋಮ್‌ಬುಕ್ಕುಗಳು ಇದನ್ನು ಬಳಸುವುವು. 2015ರಲ್ಲಿ ರಿಚರ್ಡ್ ಹ್ಯೂಸ್ ಹೊರಡಿಸಿದ ಎಫ್‌ಡಬ್ಲ್ಯುಅಪ್‌ಡಿ ಎಂಬ ಸಾಧನದಿಂದ ತಯಾರಕರು ತಿದ್ದಿದ ಫರ್ಮ್‌ವೇರನ್ನು ಲಿನಕ್ಸಿನಿಂದಲೇ ಯಂತ್ರಕ್ಕೆ ಮುಟ್ಟಿಸುವುದು ಸಾಧ್ಯವಾಯಿತು. ಇಂದು ಡೆಲ್, ಲೆನೊವೊ ಮೊದಲಾದ ಸಂಸ್ಥೆಗಳು ಇದರ ಮೂಲಕ ತಿದ್ದುಪಡಿಗಳನ್ನು ಕಳುಹಿಸುತ್ತಿವೆ. ಆದರೆ ಇದು ಹೊಸ ಯಂತ್ರಗಳ ಮಾತು. ತಯಾರಕರು ಕೈಬಿಟ್ಟ ಹಳೆಯ ಯಂತ್ರಗಳಿಗೆ ಪಟ್ಟಿಗಳೇ ಗತಿ.

ಟೋರ್ವಾಲ್ಡ್ಸ್ 1991ರಲ್ಲಿ ಯಾವ ಪ್ರೊಸೆಸರಿಗೆಂದು ಲಿನಕ್ಸನ್ನು ಬರೆದನೋ ಆ 386ಕ್ಕೆ ಕೊಡುತ್ತಿದ್ದ ಆಶ್ರಯವನ್ನು 2012ರ ಡಿಸೆಂಬರಿನಲ್ಲಿ ತೆಗೆದುಹಾಕಿದರು. ಕೀಲಿಮಣೆಯ ಚಿಪ್ಪಿನ ಕಾಲನ್ನು ತಟ್ಟಿ ಇಪ್ಪತ್ತೊಂದನೆಯ ತಂತಿಯ ಬಾಗಿಲನ್ನು ತೆರೆಯುವ ಸಾಲುಗಳು ಮಾತ್ರ, 255 ಎಂಬ ಎಣಿಕೆಯೊಡನೆ, ಈಗಲೂ ಅದರ ಪಾಠದಲ್ಲಿವೆ.